ಅಕ್ಕ ನನ್ನನ್ನು ಮುಯ್ಯಾಳಾಗಿ ಕೊಟ್ಟ ಶುಕ್ರವಾರ

ನಮ್ಮಕ್ಕನಿಗೆ ಮನುಷ್ಯರ ಮುಖ ಕಾಣಿಸುವುದಿಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸುವಂಥ ದೋಷವೇನಲ್ಲ. ಹೆಣ್ಣುಮಕ್ಕಳಾದರೆ ಅವಳಿಗೆ ಮೊದಲು ಎತ್ತರ ಕಾಣುತ್ತದೆ, ಆಮೇಲೆ ಅಂಗೈ, ಪುರುಸೊತ್ತಿದ್ದರೆ ಕೊನೆಗೆ ಮುಖ. ಹುಣಸೂರಿನ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವಳೇ ಕೋಚು. ಅಷ್ಟೂ ವರ್ಷ ಅವಳ ಪರವಾಗಿ ಚಿಂತೆ ಮಾಡುವ ಕೆಲಸ ನನ್ನದು. ನೇಮಕಾತಿ ಆದೇಶ ಒಂದು ಕೈಗೆ ಬಂದಿಲ್ಲ, ಅಷ್ಟೇ!

ಒಮ್ಮೆ ಕೆ.ಆರ್. ನಗರದಲ್ಲಿ ಮದುವೆಗೆ ಹೋಗಿದ್ದೆವು. ಧಾರೆಯ ಹೊತ್ತು, ಎಲ್ಲರ ಕೈಯಲ್ಲೂ ಅಕ್ಷತೆ. ಅಕ್ಕ ಮದುಮಗಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ನಿಟ್ಟುಸಿರುಬಿಟ್ಟಳು.

"ಐದಡಿ ಒಂಬತ್ತಿಂಚು ಕಣೋ. ನನ್ನ ಕಣ್ಣಿಗೆ ಬೀಳ್ದಂಗೆ ಎಲ್ಲಿ ಬಚ್ಚಿಟ್ಟಿದ್ರೋ."

"ಮೆತ್ತಗೆ ಅಕ್ಕ, ಗಂಡಿನ ಕಡೆಯೋರು ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಲಿ. ಹುಡುಗನ ಪಕ್ಕ ಬಗ್ಗಿ ನಿಂತವಳೆ ನೋಡು. ಬೆನ್ನು ನೆಟ್ಟಗೆ ಮಾಡ್ಕೋ ಅಂತ ಯಾರಾದ್ರೂ ಹೇಳ್ಬಾರ್ದಾ?"

ಉಡುಗೊರೆ ಕೊಡಲು ವೇದಿಕೆ ಹತ್ತಿದಾಗ ತಾನೇ ಹೇಳಿಬಿಟ್ಟಳು. ಆ ಫೋಟೋದಲ್ಲಿ ಮದುಮಗಳು ನೆಟ್ಟಗೆ ನಿಂತಿದ್ದಾಳೆ, ಮದುಮಗ ತುದಿಗಾಲಲ್ಲಿ.

ಎತ್ತರವೊಂದೇ ಸಾಲದು ಎಂಬ ಜ್ಞಾನೋದಯ ಅವಳಿಗಾದದ್ದು ಹ್ಯಾಂಡ್‌ಪೋಸ್ಟ್ ಎಂಬ ಊರಿನ ಬಸ್ ಸ್ಟಾಪಿನಲ್ಲಿ. ನಾವು ಹುಣಸೂರಿನ ಬಸ್ಸಿಗೆ ಕಾಯುತ್ತಿದ್ದೆವು. ಎದುರಿಗೆ ಸರಗೂರಿನ ಬಸ್ಸು ಬಂತು. ಅದಿನ್ನೂ ನಿಂತಿಲ್ಲ, ಜನ ಕಿಟಕಿಗೆ ಮುಗಿಬಿದ್ದು ಟವೆಲ್ಲು, ಕರ್ಚೀಫು ತೂರಿಸಿ ಸೀಟು ಹಿಡಿಯುತ್ತಿದ್ದರು. ಹಿಂದೆ ನಿಂತಿದ್ದ ಕುಳ್ಳಗಿನ ಪಿ.ಯು.ಸಿ. ಹುಡುಗಿಯೊಬ್ಬಳು ಐದಾರು ತಲೆಗಳ ಮೇಲಿಂದ ತನ್ನ ಬ್ಯಾಗನ್ನು ಎಸೆದಳು. ಅದು ಕಿಟಕಿಯೊಳಗೆ ಹೋಗಿ, ಸೆರಗು ಸರಿಮಾಡಿಕೊಂಡು ಕೂರುವ ಹೆಂಗಸಿನಂತೆ ಸೀಟಿನ ಮೇಲೆ ಕೂತಿತು. ನಾನು "ನೋಡಿದ್ಯಾ ಅಕ್ಕ" ಎಂದು ತಿರುಗುವಷ್ಟರಲ್ಲಿ ಅಕ್ಕ ಸರಗೂರಿನ ಬಸ್ಸಿನಲ್ಲಿದ್ದಳು.

ಅವಳ ಫೋನು, ಬಿ.ಪಿ. ಮಾತ್ರೆ ಎರಡೂ ನನ್ನ ಕೈಯಲ್ಲಿ. ಪೊಲೀಸರು ಕೇಳಿದರೆ ಹೇಳಬೇಕಲ್ಲ ಎಂದು ಅವಳು ಉಟ್ಟಿದ್ದ ಸೀರೆಯ ಬಣ್ಣ ನೆನಪಿಸಿಕೊಳ್ಳುತ್ತಾ ಮೂರು ಗಂಟೆ ಅಲ್ಲೇ ನಿಂತೆ. ಮರಳಿ ಬಂದವಳು, "ಬರೋ ವರ್ಷ ನಮ್ಮ ಕಾಲೇಜಿಗೇ ಸೇರ್ತಾಳೆ. ಅವರ ಮನೇಲಿ ಉಪ್ಸಾರು ಚೆನ್ನಾಗಿತ್ತು ಕಣೋ" ಎಂದಳು. ನನ್ನ ಊಟದ ವಿಚಾರ ಯಾರೂ ಎತ್ತಲಿಲ್ಲ.

ಈಗಿನ ತಂಡದ ಸವಿತಾ ಸಿಕ್ಕಿದ್ದೂ ಹೀಗೇ. ಚುಂಚನಕಟ್ಟೆಯ ಆಚೆ ನಾಟಿ ನಡೆಯುತ್ತಿದ್ದ ಗದ್ದೆಯೊಂದರ ಬದುವಿನಲ್ಲಿ ನಿಂತು, ಹಿಂದಕ್ಕೆ ಸರಿಯುತ್ತಾ ನೆಡುವ ಹೆಂಗಸರಿಗೆ ಪೈರಿನ ಕಟ್ಟು ಎಸೆಯುತ್ತಿದ್ದಳು. ಒಬ್ಬೊಬ್ಬರ ಬೆನ್ನ ಹಿಂದೆ, ಕೈಚಾಚಿದರೆ ಸಿಗುವಲ್ಲಿ ಒಂದೊಂದು ಕಟ್ಟು. ಅಕ್ಕ ಅಲ್ಲೇ ಬಸ್ಸಿಳಿದಳು.

ಮೂರು ವರ್ಷ ಕಳೆದು ಈಗ ಸವಿತಾ ಕೊನೆಯ ವರ್ಷದ ಬಿ.ಎ. ಶುಕ್ರವಾರ ಮೈಸೂರಿನಲ್ಲಿ ಪಂದ್ಯ, ಯೂನಿವರ್ಸಿಟಿ ತಂಡಕ್ಕೆ ಆಯ್ಕೆ ಮಾಡುವವರು ಬರುತ್ತಾರೆ. ಆಯ್ಕೆಯಾದರೆ ಅಲ್ಲೇ ಹಾಸ್ಟೆಲಿನಲ್ಲಿದ್ದು ಮುಂದಕ್ಕೆ ಓದಬಹುದು, ಆಡಬಹುದು. ಇದು ತಪ್ಪಿದರೆ ಇನ್ನೊಂದು ಅವಕಾಶವಿಲ್ಲ. ಬುಧವಾರ ಸವಿತಾ ಫೋನು ಮಾಡಿ, "ಅವ್ವ ಕಳ್ಸಾಕಿಲ್ಲ ಅಂತಾವ್ಳೆ ಮೇಡಂ" ಎಂದಳು. ಸಂಜೆಯೊಳಗೆ ನಾವು ಅವಳ ಅವ್ವ ರತ್ನಮ್ಮನ ಹಟ್ಟಿಯ ಮುಂದಿದ್ದೆವು.

"ಶುಕ್ರವಾರ ಆಗಾಕಿಲ್ಲ ಮೇಡಮ್ಮಾರೇ. ನಮ್ಮ ಗದ್ದೆ ನಾಟಿ, ಮುಯ್ಯಾಳು. ನಾವು ಅವರ ಗದ್ದೆಗೆ ಓಗಿದ್ದೋ, ಅವ್ರು ನಮ್ಮದ್ಕೆ ಬತ್ತಾವ್ರೆ. ಊರೋರೆಲ್ಲ ಬಂದು ಬಗ್ಗಿರೋವಾಗ ನನ್ನ ಮಗಳು ಚೆಂಡಾಡಕ್ಕೆ ಓದ್ಲು ಅಂದ್ರೆ ನಾಳಿಕ್ಕೆ ನನ್ನ ಮಾತಾಡ್ಸೋರು ಯಾರು?"

ಮುಯ್ಯಾಳೆಂದರೆ ಕೂಲಿಯ ಮಾತಿಲ್ಲ. ಆಳಿಗೆ ಆಳು, ದಿನಕ್ಕೆ ದಿನ. ಅಕ್ಕನ ಕಣ್ಣು ಹೊಳೆಯಿತು.

"ಆಳಿಗೆ ಆಳು ತಾನೆ ರತ್ನಮ್ಮ? ಅವಳ ಬದ್ಲಿಗೆ ನಾನೊಂದು ಆಳು ಕೊಟ್ರೆ?"

"ಯಾರ್ನ ಕೊಟ್ಟೀರಿ?"

ಅಕ್ಕ ನನ್ನತ್ತ ತಿರುಗಿದಳು. ನಾನು ಹಿಂದೆ ಯಾರಿದ್ದಾರೆಂದು ನೋಡಿದೆ. ಎಮ್ಮೆ ಇತ್ತು.

"ಇವನು ನನ್ನ ತಮ್ಮ. ಆಫೀಸಲ್ಲಿ ಗುಮಾಸ್ತ. ಮೂರು ಹೊತ್ತೂ ಚಿಂತೆ ಮಾಡ್ತಾನೆ, ಆದ್ರೆ ಹೇಳಿದ್ ಕೆಲಸ ಮಾಡ್ತಾನೆ."

ರತ್ನಮ್ಮ ನನ್ನನ್ನು ಸಂತೆಯ ಎತ್ತನ್ನು ನೋಡುವ ಹಾಗೆ ಸುತ್ತ ನೋಡಿದಳು. "ಬಗ್ತಾರಾ?"

"ಬಗ್ಗಿಸ್ತೀನಿ."

"ಸರಿ, ಒಂದಿನ ಆಡ್ಕೊಂಡು ಬರ್ಲಿ. ಆದ್ರೆ ಮೈಸೂರಲ್ಲಿ ಇರದು ಗಿರದು ಬ್ಯಾಡ. ಅದನ್ನ ಈಗ್ಲೇ ಏಳ್ಬುಟ್ಟೆ."

ಶುಕ್ರವಾರ ಬೆಳಗ್ಗೆ ಅವರು ಮೈಸೂರಿಗೆ, ನಾನು ಕೆಸರಿಗೆ. ಜಿಗಣೆ, ಹಾವು, ಸೊಂಟದ ಮೂಳೆ, ಈ ಮೂರರ ಬಗ್ಗೆ ಅದೇ ಕ್ರಮದಲ್ಲಿ ಚಿಂತಿಸುತ್ತಾ ಗದ್ದೆಗಿಳಿದೆ. ಅಲ್ಲಿ ಹೆಂಗಸರದೇ ಸಾಲು. ನಡುವೆ ಸವಿತಳ ಜಾಗದಲ್ಲಿ, ಪ್ಯಾಂಟು ಮಡಿಸಿಕೊಂಡ ನಾನು.

"ಸಾ, ಅದು ಪೈರು, ಫೈಲಲ್ಲ. ಒಂದೊಂದನ್ನೂ ಓದ್ನೋಡಿ ಮಡಗ್ಬೇಡಿ" ಎಂದಳು ಎಡಗಡೆಯಾಕೆ.

"ಬುಡಮ್ಮಿ, ಅವ್ರು ಸಾಯೇಬ್ರ ಸೈನ್‌ಗೆ ಕಾಯ್ತಾವ್ರೆ" ಎಂದಳು ಬಲಗಡೆಯಾಕೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅರ್ಧ ಗದ್ದೆ ದಾಟಿದ್ದರು. ನನ್ನ ಸಾಲು ಮಾತ್ರ ಹಿಂದೆ ಉಳಿದಿತ್ತು. ರತ್ನಮ್ಮ ಆಗಾಗ ಬಂದು ನಾನು ನೆಟ್ಟದ್ದನ್ನು ಸರಿಮಾಡಿ ಹೋಗುತ್ತಿದ್ದಳು. ಒಂದು ಸಲ ಮಾತ್ರ, "ಅಲ್ಲಿ ಆಟ ಶುರುವಾಗಿರ್ತದಾ ಸಾ ಈಗ?" ಎಂದು ಕೇಳಿದಳು.

ನಾಲ್ಕು ಗಂಟೆಗೆ ಜೇಬಿನ ಪ್ಲಾಸ್ಟಿಕ್ ಕವರಿನಲ್ಲಿದ್ದ ಫೋನು ಬಡಿದುಕೊಂಡಿತು.

"ಸೋತ್ವಿ ಕಣೋ" ಎಂದಳು ಅಕ್ಕ. ಸೋತ ದಿನ ಅವಳು ರೆಫರಿಯ ಏಳು ತಲೆಮಾರನ್ನು ವಿಚಾರಿಸಿಕೊಳ್ಳುವುದು ವಾಡಿಕೆ. ಅವತ್ತು ಒಂದು ತಲೆಮಾರೂ ಬರಲಿಲ್ಲ. "ಸವಿತನ್ನ ತಗೊಂಡ್ರು. ರತ್ನಮ್ಮಂಗೆ ಕೊಡು."

ರತ್ನಮ್ಮನ ಕೈ ಮೊಣಕೈವರೆಗೆ ಕೆಸರು. ನಾನು ಸ್ಪೀಕರ್ ಹಾಕಿ ಫೋನನ್ನು ಅವಳ ಮುಂದೆ ಹಿಡಿದೆ. ಹೆಂಗಸರೆಲ್ಲ ಕೆಲಸ ಬಿಟ್ಟು ನಿಂತರು.

"ಅವ್ವ" ಎಂದಳು ಸವಿತಾ.

ರತ್ನಮ್ಮ ಫೋನಿನತ್ತ ಬಗ್ಗಿದಳು. "ಉಂಡ್ಯಾ?"

"ಊಂ."

"ಮೇಡಮ್ಮಾರಿಗೆ ಕೊಡು." ಅಕ್ಕನ ದನಿ ಕೇಳಿದ ಮೇಲೆ, "ಅಲ್ಲಿ ಅವಳಿಗೆ ಯಾರವ್ರೆ ಮೇಡಮ್ಮಾರೇ?"

"ಮೊದ್ಲು ಹೋದೋರು ನಾಲ್ಕು ಜನ ಅವ್ರೆ ರತ್ನಮ್ಮ. ಎಲ್ಲಾ ನನ್ನ ಹುಡುಗೀರೇ. ಬಸ್ ಸ್ಟಾಂಡಿಗೇ ಬಂದು ಕರ್ಕೊಂಡೋಗ್ತಾರೆ." ಅಷ್ಟು ಹೇಳಿ ಅಕ್ಕ ದನಿ ತಗ್ಗಿಸಿದಳು. ಅವಳು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಮೂರು ವರ್ಷ ಕಣ್ಮುಂದೆ ಇದ್ಲು. ಬಿಟ್ಕೊಡೋದು ನನಗೂ ಸುಲಭ ಅಲ್ಲ ಕಣವ್ವ."

ರತ್ನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಕೆಸರು ಮಾಡಿಕೊಂಡಳು. ಆಮೇಲೆ ಅರ್ಧಕ್ಕೆ ನಿಂತಿದ್ದ ನನ್ನ ಸಾಲನ್ನೇ ನೋಡಿದಳು.

"ಅವಳ ಸಾಲು ನೀವೇ ಮುಗ್ಸಿ ಸಾ. ಅವ್ಳು ಇನ್ನು ನಾಟಿಗೆ ಬರಾಕಿಲ್ಲ."

ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು. ಅಕ್ಕನಿಗೂ ಅದು ಕೇಳಿಸಿತು.