ಟಕ್ ಅನ್ನದ ಕ್ಯಾಮೆರಾ

ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಸತ್ತಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ನನ್ನ ಹೆಂಡತಿ ರಾಜೇಶ್ವರಿ ಬೇರೆಯದೇ ಸುದ್ದಿ ಹಬ್ಬಿಸಿದ್ದಾಳೆ. ಸೆಲ್ ಹಾಕುವ ಬಾಗಿಲಿನ ಕೊಂಡಿ ಮುರಿದಿತ್ತು, ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿದ್ದೆ, ಅಷ್ಟೆ. ಸೆಲ್ ತೆಗೆದು ಹಾಕಿದಾಗಲೆಲ್ಲ ಅದು ತಾನು ಹುಟ್ಟಿದ ವರ್ಷಕ್ಕೆ ಹೋಗಿ ನಿಲ್ಲುತ್ತಿತ್ತು. ಫೋಟೋದ ಮೂಲೆಯಲ್ಲಿ ಕೆಂಪಗೆ ೧-೧-೨೦೦೬ ಎಂದು ಮೂಡುತ್ತಿತ್ತು. ವಯಸ್ಸಾದವರು ಹಳೆಯದನ್ನು ನೆನೆಸುವುದು ಅಪರಾಧವೇನೂ ಅಲ್ಲ.

"ಬಾಗಲಾ ಕಿತ್ತೈತಿ, ತಾರೀಖ ನೆನಪಿರೂದಿಲ್ಲ, ನಡುವ ನಿದ್ದಿ ಮಾಡತೈತಿ," ಅಂದಳು ರಾಜೇಶ್ವರಿ. "ಮನ್ಯಾಗ ಅಂಥಾವು ಎರಡ ಯಾಕ ಬೇಕ್ರಿ? ಒಂದ ಸಾಕು."

(ಇನ್ನೊಂದು ಯಾವುದೆಂದು ನಾನು ಕೇಳಲಿಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಕೆಲವು ಪ್ರಶ್ನೆ ಕೇಳಬಾರದೆಂಬ ಜ್ಞಾನೋದಯವಾಗಿದೆ.)

ಅದೇ ಹೊತ್ತಿಗೆ ನೇಸರಗಿಯಿಂದ ಅತ್ತೆ ಗುರವ್ವನವರ ಫೋನು ಬಂತು. ಎಂಬತ್ತೆರಡರ ಅತ್ತೆ ಗಟ್ಟಿಮುಟ್ಟಾಗಿದ್ದಾರೆ, ಮಗ ಸಂಜು, ಸೊಸೆ, ಎಮ್ಮೆ ಎಲ್ಲರನ್ನೂ ಇಂದಿಗೂ ಅವರೇ ಆಳುತ್ತಾರೆ. ಅವರಿಗೊಂದು ಚಿಂತೆ ಹತ್ತಿತ್ತು.

"ಅಳ್ಯಾರ, ನಂದೊಂದು ಫೋಟೋ ತಗದ ಕೊಡ್ರಿ. ಬಾಜೂ ಮನಿ ಬಾಯವ್ವ ಹ್ವಾದ ಮ್ಯಾಲ ಆಕಿ ಮಕ್ಕಳು ಆಧಾರ ಕಾರ್ಡಿನ ಫೋಟೋ ದೊಡ್ಡದ ಮಾಡಿಸಿ ಗ್ವಾಡಿಗೆ ಹಾಕ್ಯಾರ. ಕೋಳಿ ಕದ್ದ ಸಿಕ್ಕಬಿದ್ದಾಕಿ ಕಂಡಂಗ ಕಾಣತಾಳ ಪಾಪ. ನಂದು ಹಂಗ ಆಗಬಾರದು. ನಿಮ್ಮ ಮಾವಾರ ಫೋಟೋಕ್ಕ ಜೋಡಿ ಅನ್ನೂಹಂಗ ಇರಬೇಕು."

ಮಾವ ಮಡಿವಾಳೆಪ್ಪನವರ ಆ ಫೋಟೋ ತೆಗೆದವನು ನಾನೇ, ಅದೇ ಹಳೆಯ ಕ್ಯಾಮೆರಾದಿಂದ. ಅದಾದ ಏಳು ವರ್ಷಕ್ಕೆ ಅವರು ತೀರಿಕೊಂಡರು. ಈಗ ಜೋಡಿ ಫೋಟೋ ಅಂದರೆ ಸಣ್ಣ ಜವಾಬ್ದಾರಿಯಲ್ಲ. ರಬ್ಬರ್ ಬ್ಯಾಂಡ್ ಸುತ್ತಿದ ಯಂತ್ರದಿಂದ ಅತ್ತೆಯ ಶಾಶ್ವತ ಕೀರ್ತಿಯನ್ನು ಸೆರೆಹಿಡಿಯುವುದೇ? ಬೆಳಗಾವಿಗೆ ಹೋಗಿ ಹೊಸ ಕ್ಯಾಮೆರಾ ತಂದೆ.

ಮನೆಗೆ ಬಂದು ನೋಡುತ್ತೇನೆ, ಇಣುಕುವ ಕಿಂಡಿಯೇ ಇಲ್ಲ. ಹಳೆಯದಕ್ಕೆ ಒಂದು ಪುಟ್ಟ ಕಿಂಡಿಯಿತ್ತು. ಚಷ್ಮಾ ತಲೆಗೇರಿಸಿ, ಒಂದು ಕಣ್ಣು ಮುಚ್ಚಿ, ಅದರೊಳಗೆ ಇಣುಕಿದರೆ ಜಗತ್ತಿನಲ್ಲಿ ನನ್ನವರಷ್ಟೇ ಇರುತ್ತಿದ್ದರು. ಸಿರಸಂಗಿ ಕಾಳವ್ವನ ಗುಡಿಯ ಮುಂದೆ ಜವಳ ತೆಗೆಸಿಕೊಂಡು ಅಳುತ್ತಿದ್ದ ಮೊಮ್ಮಗಳನ್ನು, ಮದುವೆಯ ಇಪ್ಪತ್ತನೇ ವರ್ಷದಲ್ಲಿ ಹಸಿರು ಸೀರೆಯುಟ್ಟ ರಾಜೇಶ್ವರಿಯನ್ನು ನಾನು ಆ ಕಿಂಡಿಯಿಂದಲೇ ಕಂಡದ್ದು. "ತಗೀತೇನ್ರಿ" ಅಂದೊಡನೆ ಎಲ್ಲರೂ ಉಸಿರು ಹಿಡಿಯುತ್ತಿದ್ದರು. ಟಕ್ ಅಂತ ಸದ್ದಾಗಿ ಬೆಳಕು ಮಿಂಚಿದ ಮೇಲೆ ಹತ್ತು ಜನ ಒಟ್ಟಿಗೆ ಉಸಿರು ಬಿಡುವ ಸಪ್ಪಳ.

ಹೊಸದಕ್ಕೆ ಇದ್ಯಾವುದೂ ಇಲ್ಲ. ಪರದೆ ನೋಡಿ ಒತ್ತಬೇಕು. ಸದ್ದು ಮಾಡುವುದಿಲ್ಲ. ಬೆಳಕು ಬೇಕೋ ಬೇಡವೋ ಎಂಬುದನ್ನು ನನ್ನನ್ನು ಕೇಳದೆ ತಾನೇ ತೀರ್ಮಾನಿಸುತ್ತದೆ. (ಈ ಗುಣ ನನಗೆ ಹೊಸದಲ್ಲ, ಮೂವತ್ತೆಂಟು ವರ್ಷದಿಂದ ಮನೆಯಲ್ಲಿ ನೋಡುತ್ತಿದ್ದೇನೆ.) ಮನುಷ್ಯರ ಮುಖವನ್ನು ತಾನೇ ಹುಡುಕಿ, ಸುತ್ತ ಹಳದಿ ಚೌಕ ಹಾಕಿ, ಉಳಿದದ್ದನ್ನೆಲ್ಲ ಮಸುಕು ಮಾಡುತ್ತದಂತೆ. ಸದ್ದು ಬರಿಸುವ ದಾರಿ ಎಲ್ಲೋ ಒಳಗಿತ್ತು. ಜೊತೆಗೆ ಬಂದ ಪುಸ್ತಕ ಹನ್ನೆರಡು ಭಾಷೆಗಳಲ್ಲಿತ್ತು, ಕನ್ನಡವೊಂದನ್ನು ಬಿಟ್ಟು.

ಸೋಮವಾರ ಬೆಳಿಗ್ಗೆ ನೇಸರಗಿಗೆ ಹೋದೆವು. ಹೊರಡುವಾಗ ಹಳೆಯದನ್ನೂ ಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಅದೊಂದನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಅತ್ತೆ ಹಣೆತುಂಬ ವಿಭೂತಿ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದು ಸಿದ್ಧರಾಗಿದ್ದರು. ಮಾವನ ಫೋಟೋ ಇದ್ದ ಗೋಡೆಯ ಮುಂದೆಯೇ ಕುರ್ಚಿ ಹಾಕಿಸಿದ್ದರು. ಎರಡೂ ಅಂಗೈ ಮೊಣಕಾಲ ಮೇಲಿಟ್ಟು, ಉಸಿರು ಹಿಡಿದು ಕುಂತರು. ನಾನು ಒತ್ತಿದೆ. ಅತ್ತೆ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಅತ್ತೆಯ ಮುಖ ಕೆಂಪಾಗತೊಡಗಿತು.

"ಆತ್ರಿ ಅತ್ತಿ, ಉಸರ ಬಿಡ್ರಿ," ಅಂದೆ.

"ಎಲ್ಲಿ ಆತು? ಸಪ್ಪಳಾನ ಬರಲಿಲ್ಲ, ಬೆಳಕೂ ಬೀಳಲಿಲ್ಲ. ನನ್ನ ಮುದಕಿ ಅಂತ ಆಟಾ ಆಡಸಾಕ ಹತ್ತೀರೇನು?"

ಮತ್ತೆ ಉಸಿರು ಹಿಡಿದರು. ಈ ಸಲ ಟಕ್ ಅನ್ನುವವರೆಗೆ ಬಿಡುವುದಿಲ್ಲವೆಂಬ ಹಟ ಮುಖದಲ್ಲಿ ಕಾಣುತ್ತಿತ್ತು.

"ರೀ, ಏನರ ಮಾಡ್ರಿ," ಅಂದಳು ರಾಜೇಶ್ವರಿ. "ಇನ್ನೊಂದೀಟ ತಡಾ ಮಾಡಿದ್ರ ಫೋಟೋಕ್ಕ ಮಾಲಿ ಇವತ್ತ ಹಾಕಬೇಕಾಗತೈತಿ."

ಆಗ ನನಗೊಂದು ಅಮೋಘ ಉಪಾಯ ಹೊಳೆಯಿತು. ಹಳೆಯದನ್ನು ತೆಗೆದು ರಾಜೇಶ್ವರಿಯ ಕೈಗೆ ಕೊಟ್ಟೆ. "ನೀ ನನ್ನ ಹಿಂದ ನಿಂತು ಇದನ್ನ ಒತ್ತು. ಬರೇ ಟಕ್ ಅಂದು ಮಿಂಚಿದ್ರ ಸಾಕು. ಖರೇ ಫೋಟೋ ನಾ ಇದರಾಗ ತಗೀತೇನಿ."

"ಅಂದ್ರ ಸಪ್ಪಳ ನಂದು, ಹೆಸರು ನಿಮ್ಮದು," ಅಂದಳು. ಆದರೂ ಹಿಂದೆ ನಿಂತಳು.

ನಾನು ಅಭ್ಯಾಸಬಲದಿಂದ ಚಷ್ಮಾ ತಲೆಗೇರಿಸಿ, ಮುಂದೆ ಬಗ್ಗಿದೆ. ಪರದೆ ಮಂಜುಮಂಜಾಗಿ ಕಂಡರೂ ಯಾವುದೋ ಮುಖಕ್ಕೆ ಹಳದಿ ಚೌಕ ಬಿದ್ದದ್ದು ತಿಳಿಯಿತು. ಬೆನ್ನ ಹಿಂದೆ ಟಕ್ ಅಂತು, ಬೆಳಕು ಮಿಂಚಿತು, ಅತ್ತೆ ಉಸಿರು ಬಿಟ್ಟರು. ಅದೇ ಹಳೆಯ ಸಪ್ಪಳ. ನಾನು ಒತ್ತಿದ ಬೆರಳು ಎತ್ತುವುದನ್ನೇ ಮರೆತು ಒಂದು ಕ್ಷಣ ಹಾಗೇ ನಿಂತೆ. ರಾಜೇಶ್ವರಿ ಹಿಂದಿನಿಂದ ತಾಯಿಗೆ ಏನೋ ಸನ್ನೆ ಮಾಡುತ್ತ ಇನ್ನೊಮ್ಮೆ ಟಕ್ ಅನಿಸಿದಳು.

ಬೈಲಹೊಂಗಲದ ಸ್ಟುಡಿಯೋದಲ್ಲಿ ಸುಭಾಸ ಎರಡೂ ಕಾರ್ಡು ಹಾಕಿ ನೋಡಿದ. ಬೆರಳು ಎತ್ತದೆ ನಿಂತದ್ದಕ್ಕೆ ಹೊಸದರಲ್ಲಿ ನಲವತ್ತೊಂದು ಫೋಟೋ. ನಲವತ್ತೊಂದರಲ್ಲೂ ಗೋಡೆಯ ಮೇಲಿನ ಮಾವ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಅವರ ಮುಂದೆ ಅತ್ತೆ ಒಲೆಯ ಹೊಗೆಯಂತೆ ಮಸುಕು. ಕ್ಯಾಮೆರಾ ಮುಖ ಹುಡುಕಿತ್ತು, ಸತ್ತವರದು.

"ಸರ್, ಈ ಹಳೇ ಕ್ಯಾಮೆರಾದ್ದು ಭಾಳ ಚಲೋ ಬಂದೈತ್ರಿ," ಅಂದ ಸುಭಾಸ.

ಎರಡನೆಯ ಟಕ್ಕಿನ ಫೋಟೋ ಅದು. ಅತ್ತೆ ಮಗಳತ್ತ ನೋಡಿ, ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಾರೆ. ಅಷ್ಟು ಚೆಂದದ ಮುಖವನ್ನು ನನ್ನ ಕಿಂಡಿಯಿಂದಲೂ ನಾನು ಕಂಡಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಕೆಂಪಗೆ ೧-೧-೨೦೦೬. ಇನ್ನೊಂದು ಮೂಲೆಯಲ್ಲಿ ಫ್ಲ್ಯಾಶಿನ ಬೆಳಕಿಗೆ ಥಳಥಳಿಸುವ ನನ್ನ ಬೋಳುತಲೆ, ಅದರ ಮೇಲೆ ಚಷ್ಮಾ. ಹೆಂಡತಿ ಸನ್ನೆ ಮಾಡಿ ತೋರಿಸಿದ್ದು ಇದನ್ನೇ.

"ತಲಿ, ತಾರೀಖ ಎರಡೂ ಅಳಿಸಿಕೊಡ್ತೇನ್ರಿ," ಅಂದ ಸುಭಾಸ. ನಾನು ಹೂಂ ಎಂದು ತಲೆಯಾಡಿಸಿದೆ. ಆದರೆ ರಾಜೇಶ್ವರಿ ಅಷ್ಟರಲ್ಲಿ ಅದನ್ನು ಫೋನಿನಲ್ಲಿ ನೇಸರಗಿಗೆ ಕಳಿಸಿಬಿಟ್ಟಿದ್ದಳು. ಐದು ನಿಮಿಷಕ್ಕೆ ಅತ್ತೆಯ ಕರೆ ಬಂತು.

"ಇದಾ ಇರಲ್ರಿ ಅಳ್ಯಾರ. ಏನೂ ಅಳಸಬ್ಯಾಡ್ರಿ."

"ತಾರೀಖ ತಪ್ಪೈತ್ರಿ ಅತ್ತಿ. ಇಪ್ಪತ್ತ ವರ್ಷ ಹಿಂದಿಂದು ಬಿದ್ದೈತಿ."

"ಅವಾಗ ಅವರಿದ್ರು. ಅದ ಇರ್ಲಿ."

ತಾರೀಖು ಇರಲಿ ಎಂದು ಸುಭಾಸನಿಗೆ ಕೈಸನ್ನೆ ಮಾಡಿದೆ. ಆದರೂ ಮಾನದ ಪ್ರಶ್ನೆ, ಮೆಲ್ಲಗೆ ಕೇಳಿದೆ: "ನನ್ನ ತಲೀರಿ?"

"ಎಲ್ಲಾರ ಫೋಟೋ ತಗದ್ರಿ, ನಿಮ್ಮದೊಂದೂ ಇಲ್ಲ ನಮ್ಮನ್ಯಾಗ. ಇದರ ಇರ್ಲಿ. ನಾಚಿಕಿ ಬಂದ್ರ, ನಾ ಹ್ವಾದ ಮ್ಯಾಲ ಮಾಲಿ ಸ್ವಲ್ಪ ಉದ್ದಂದ ಹಾಕ್ರಿ. ಮುಚ್ಚತೈತಿ."

ಈಗ ಮಾವನ ಪಕ್ಕದಲ್ಲಿ ಆ ಫೋಟೋ ತೂಗುತ್ತಿದೆ. ಬಂದವರೆಲ್ಲ ಅತ್ತೆಯ ನಗು ನೋಡಿ, ಮೂಲೆಯ ತಲೆ ಯಾರದೆಂದು ಕೇಳುತ್ತಾರಂತೆ. ಅತ್ತೆ ಸಂತೋಷದಿಂದ ವಿವರಿಸುತ್ತಾರಂತೆ. ಕೇಳಲಿ ಬಿಡಿ. ಆ ಉದ್ದನೆಯ ಮಾಲೆಯ ಅವಸರ ನನಗೇನೂ ಇಲ್ಲ. ಇನ್ನೂ ಇಪ್ಪತ್ತು ವರ್ಷ ನನ್ನ ಬೋಳುತಲೆ ಆ ಗೋಡೆಯ ಮೇಲೆ ಹಾಗೇ ಬಯಲಾಗಿರಲಿ.