ಪೊಡಿಯಬ್ಬ ಬಿಡಿಸಿದ ಹುಡುಗಿ

ತಮ್ಮ ದೇಶಕ್ಕೆ ಮರಳಿದ ಅಮೆರಿಕದ ವೈದ್ಯರೊಬ್ಬರು ಬಿಟ್ಟುಹೋದ ಹಳೇ ಕಾಮಿಕ್ಸಿನ ಪೆಟ್ಟಿಗೆ ಪೊಡಿಯಬ್ಬನ ಕೈಗೆ ಸಿಗದಿದ್ದರೆ, ಆ ಶುಕ್ರವಾರ ಅವನು ತನ್ನ ಪಾಡಿಗೆ ತಾನು ನಿದ್ದೆ ಹೊಡೆಯುತ್ತಿದ್ದ. ಸೌದಿಯ ತಾಯಿಫಿನ ಆಸ್ಪತ್ರೆಯೊಂದರಲ್ಲಿ 'ಎಕ್ಸ್-ರೇ ಬಲಕ್ಕೆ, ಔಷಧಿ ಎಡಕ್ಕೆ' ಎಂದು ಬೋರ್ಡು ಬರೆಯುವುದು ಅವನ ಕೆಲಸ. ಅಷ್ಟಕ್ಕೇ ಅವನನ್ನು ಕಲಾವಿದನೆಂದು ತೀರ್ಮಾನಿಸಿದ್ದ, ಅಲ್ಲಿನ ಕನ್ನಡಿಗರ ಕರಾವಳಿ ಬಳಗದ ಸಂಪಾದಕ ಸುಹೈಬ್, ವಾರ್ಷಿಕ ಸಂಚಿಕೆಗೆ 'ಇಂದಿನ ಯುವಜನ' ಎಂಬ ಚಿತ್ರಕತೆಯ ಪುಟ ಬೇಕೆಂದಿದ್ದ. ಸಂಜೆ ನಾಲ್ಕರೊಳಗೆ ಕೊಡಬೇಕಿತ್ತು.

ಪೊಡಿಯಬ್ಬ ಒಪ್ಪಿಕೊಂಡದ್ದಕ್ಕೆ ಕಾರಣ ಬೇರೆ. ಮಗಳು ಹನಾನ್ ಅವನೊಡನೆ ಮಾತು ಬಿಟ್ಟು ಇಪ್ಪತ್ತು ದಿನವಾಗಿತ್ತು. ಅವಳನ್ನು ಒಂದು ಮಾತೂ ಕೇಳದೆ ಮಂಗಳೂರಿನ ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕಿದ್ದ; ಆ ಜಗಳ ಬಳಗದಲ್ಲೆಲ್ಲ ಗೊತ್ತಿತ್ತು. ಚಿತ್ರ ನೋಡಿಯಾದರೂ ಹುಡುಗಿ ಬಾಯಿ ಬಿಡಲಿ ಎಂಬ ಆಸೆ ಅವನಿಗೆ. ತಂದೆಯಾದವನಿಗೆ ಇಪ್ಪತ್ತು ದಿನ ಕಡಿಮೆಯಲ್ಲ.

ಜುಮಾ ನಮಾಜು ಮುಗಿಸಿ ಬಂದು ಪೆಟ್ಟಿಗೆ ಬಿಚ್ಚಿದ. ಎಲ್ಲವೂ ವಿಯೆಟ್ನಾಂ ಯುದ್ಧದ ಕಾಲದವು. ಹುಡುಗರಿಗೆ ಉದ್ದ ಕೂದಲು, ಕೈಯಲ್ಲಿ ಫಲಕ, ಕಾಲೇಜಿನ ಮೆಟ್ಟಿಲ ಮೇಲೆ ಕೂಗಾಟ. ಹುಡುಗಿಯರದ್ದು ಹಿಂದೆ ನಿಂತು ಅಳುವ ಕೆಲಸ. ಕೊನೆಗೆ ಇವರನ್ನೆಲ್ಲ ದಾರಿ ತಪ್ಪಿಸಿದ ಖಳನೊಬ್ಬ ಸಿಕ್ಕಿಬೀಳುತ್ತಾನೆ, ಹುಡುಗರು ತಲೆ ತಗ್ಗಿಸಿ ಮನೆಗೆ ಹೋಗುತ್ತಾರೆ. ಯುದ್ಧಕ್ಕೆ ಬಾ ಎಂಬ ಕಾಗದ ಬಂದಾಗ ಆ ಹುಡುಗರ ಮನಸ್ಸಿನಲ್ಲಿ ಏನಾಗುತ್ತಿತ್ತು ಎಂಬುದು ಮಾತ್ರ ಪೆಟ್ಟಿಗೆಯ ತಳದವರೆಗೆ ಹುಡುಕಿದರೂ ಇರಲಿಲ್ಲ. ಬರೆದವರೆಲ್ಲ ನಲವತ್ತು ದಾಟಿದ ಅಪ್ಪಂದಿರೇ ಇರಬೇಕು ಎನಿಸಿ ಪೊಡಿಯಬ್ಬನಿಗೆ ಧೈರ್ಯ ಬಂತು.

ಪೆನ್ಸಿಲು ಹಿಡಿದು ಹುಡುಗಿಯೊಬ್ಬಳನ್ನು ಅರ್ಧ ಬಿಡಿಸಿದ್ದೇ ತಡ, ಪಕ್ಕದ ಫ್ಲಾಟಿನ ನೋಣಯ ಬಂದ.

"ಎಂತ ಪೊಡಿಯಬ್ಬಾಕ, ಈ ಹುಡುಗಿಯ ಕೈಯಲ್ಲಿ ಮೊಬೈಲ್ ಎಲ್ಲಿ ಮಾರಾಯ್ರೆ? ಮೊಬೈಲ್ ಇಲ್ಲದಿದ್ರೆ ಯಾರು ನಂಬ್ತಾರೆ?"

ಮೊಬೈಲ್ ಬಂತು. ಅಷ್ಟರಲ್ಲಿ ಮೇಲಿನ ಮನೆಯ ಫಸೀಲಾ ಸಕ್ಕರೆ ಕೇಳಲು ಬಂದವಳು ಚಿತ್ರದ ಮುಂದೆಯೇ ನಿಂತಳು.

"ಕಿವಿಗೆ ಇಯರ್‌ಫೋನ್ ಹಾಕಿ. ನಾವು ಕರೆದ್ರೆ ಕೇಳುವುದುಂಟಾ ಇವರಿಗೆ? ಮುಖ ಸ್ವಲ್ಪ ಊದಿಸಿ."

ಇಯರ್‌ಫೋನ್ ಬಂತು, ಮುಖ ಊದಿತು. ಖಳ ಯಾರಾಗಬೇಕೆಂದು ಪೊಡಿಯಬ್ಬ ಕೇಳಿದ.

"ನಮ್ಮ ಮಕ್ಕಳನ್ನು ಹಾಳು ಮಾಡುವುದು ಯಾರು? ಬೇರೆಯವರ ಮಕ್ಕಳು," ಎಂದಳು ಫಸೀಲಾ.

"ಬೇರೆಯವರು ಅಂದ್ರೆ? ನನ್ನ ಮಗಳು ವಿಸ್ಮಯಾಳಿಗಾ ಹೇಳಿದ್ದು?" ಎಂದು ನೋಣಯ ಎದ್ದ. ಎದ್ದ ರಭಸಕ್ಕೆ ಚಹಾ ಲೋಟ ಉರುಳಿ ಯುವಜನತೆಯೆಲ್ಲ ಒದ್ದೆಯಾಯಿತು. ಇಬ್ಬರೂ ಮುನಿಸಿಕೊಂಡು ಹೋದರು, ಸಕ್ಕರೆ ಅಲ್ಲೇ ಉಳಿಯಿತು.

ಮೂರು ಗಂಟೆ. ನೀರಿಗೆಂದು ಬಂದ ಹನಾನ್ ಕಾಗದ ನೋಡಿ ನಿಂತಳು.

"ಇದು ನಾನಾ?"

ಇಪ್ಪತ್ತು ದಿನಗಳ ಬಳಿಕದ ಮೊದಲ ಮಾತು. ಪೊಡಿಯಬ್ಬ ಪೆನ್ಸಿಲು ಕೆಳಗಿಟ್ಟ. "ಅಲ್ಲ ಮಗಳೇ, ಇಂದಿನ ಯುವಜನ."

"ಇಷ್ಟು ಸಿಟ್ಟಲ್ಲಿ ಇದ್ದಾಳಲ್ಲ, ಯಾಕೆ ಅಂತ ಕೇಳಿದ್ರಾ ಬಾಪಾ?"

"ಇಲ್ಲ. ತಪ್ಪಾಯ್ತು. ನೀನೇ ಹೇಳು, ಹೇಗೆ ಬಿಡಿಸ್ಲಿ?"

ಅವಳು ಪಕ್ಕದಲ್ಲೇ ಕೂತು ಹೇಳಿದಳು, ಅವನು ಬಿಡಿಸಿದ. ಒಂದು ಮೇಜು. ಈಚೆ ಕಾಲೇಜಿನ ಅರ್ಜಿ ಹಿಡಿದ ಅಪ್ಪ, ಆಚೆ ಮಗಳು. ಮೊಬೈಲಿಲ್ಲ, ಖಳನಿಲ್ಲ. ಅವಳ ಬಾಯಿಯ ಪಕ್ಕ ಮಾತು ಬರೆಯುವ ಗುಳ್ಳೆ.

"ಅದನ್ನು ಖಾಲಿ ಬಿಡಿ ಬಾಪಾ. ಓದಿದವರು ಅವರವರ ಮನೆಯಲ್ಲಿ ಕೇಳಿ ತಿಳ್ಕೊಳ್ಳಲಿ."

"ನಮ್ಮ ಮನೆಯಲ್ಲಿ?"

"ಕಳಿಸಿ ಬನ್ನಿ, ಚಹಾ ಕುಡೀತಾ ಹೇಳ್ತೇನೆ. ಮಧ್ಯದಲ್ಲಿ ಮಾತಾಡ್ಬಾರದು ಮಾತ್ರ."

ಪೊಡಿಯಬ್ಬ ಕಣ್ಣೊರೆಸಿಕೊಂಡು ಪುಟದ ಫೋಟೋ ತೆಗೆದು ಸುಹೈಬನಿಗೆ ಕಳಿಸಿದ. ಹೆಂಡತಿ ಜೈನಬಾ ಚಹಾ ಇಟ್ಟಳು. ಚಹಾ ಕುದಿಯುವುದರೊಳಗೆ ಬಳಗದ ವಾಟ್ಸಾಪಿನಲ್ಲಿ ಸಂಚಿಕೆ ಬಂದೇಬಿಟ್ಟಿತು. ಮೊದಲು ತೆರೆದವಳು ಹನಾನ್. ಅವಳ ಮುಖ ಕಂದಿದ್ದು ನೋಡಿ ಪೊಡಿಯಬ್ಬ ಇಣುಕಿದ. ಅದೇ ಮೇಜು, ಅದೇ ಮಗಳು. ಗುಳ್ಳೆಯೊಳಗೆ ದಪ್ಪ ಅಕ್ಷರದಲ್ಲಿ: 'ಸಾರಿ ಬಾಪಾ, ನೀವು ಹೇಳಿದ ಕಾಲೇಜಿಗೇ ಹೋಗುತ್ತೇನೆ!'

ಕೂಡಲೇ ಫೋನ್ ಮಾಡಿದ.

"ಗಡಿಬಿಡಿಯಲ್ಲಿ ಮಾತು ಬರೆಯುವುದೇ ಮರ್ತಿದ್ರಿ ಅಲ್ವಾ?" ಎಂದು ಸುಹೈಬ್ ನಕ್ಕ. "ನಾನೇ ಹಾಕಿದೆ. ಥ್ಯಾಂಕ್ಸ್ ಎಲ್ಲ ಎಂತಕ್ಕೆ, ಬಿಡಿ."

ಆಗಲೇ ಗುಂಪಿನಲ್ಲಿ ಅಭಿನಂದನೆ ಸುರಿಯುತ್ತಿತ್ತು. 'ಮುಬಾರಕ್ ಪೊಡಿಯಬ್ಬಾಕ, ಅಂತೂ ಮಗಳು ಒಪ್ಪಿದಳಲ್ಲ.' ನೋಣಯನೂ ಸಿಟ್ಟು ಮರೆತು ಹೂಗುಚ್ಛದ ಚಿತ್ರ ಹಾಕಿದ್ದ.

"ಅದು ನನ್ನ ಮಾತಲ್ಲ ಅಂತ ಬರೀರಿ ಬಾಪಾ," ಎಂದಳು ಹನಾನ್. "ಈಗಲೇ."

ಪೊಡಿಯಬ್ಬ 'ಅದು' ಎಂದು ಬರೆದ. ಗುಂಪಿನಲ್ಲಿ ಇನ್ನೂರು ಜನ. ಭಾವಂದಿರು, ಆಸ್ಪತ್ರೆಯ ಮೇಲಧಿಕಾರಿ, ಊರಿನವರು. ಇಷ್ಟು ಜನರೆದುರು ಮಗಳು ಒಪ್ಪಿಲ್ಲ ಎಂದು ಹೇಗೆ ಹೇಳುವುದು? ಬರೆದದ್ದನ್ನು ಅಳಿಸಿದ. 'ಎಲ್ಲರಿಗೂ ಧನ್ಯವಾದ' ಎಂದು ಕಳಿಸಿದ.

ಹನಾನಳ ಫೋನು ಅವನ ಎದುರೇ ಸದ್ದು ಮಾಡಿತು. ಓದಿದಳು, ಚಹಾ ಮುಟ್ಟದೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅವಳು ಹೇಳಬೇಕೆಂದಿದ್ದದ್ದು ಏನೆಂದು ಪೊಡಿಯಬ್ಬನಿಗೆ ತಿಳಿಯಲೇ ಇಲ್ಲ.

ಅಷ್ಟರಲ್ಲಿ ಸುಹೈಬನ ಸಂದೇಶ ಬಂತು: 'ಯುವಜನರ ಮನಸ್ಸು ನಿಮ್ಮಷ್ಟು ತಿಳಿದವರು ನಮ್ಮಲ್ಲಿ ಯಾರೂ ಇಲ್ಲ. ಮುಂದಿನ ವರ್ಷವೂ ಆ ಪುಟ ನಿಮಗೇ.'