ಕೆರೆಗೂ ಒಂದು ಟೇಬಲ್ ಫ್ಯಾನ್

ಟಣ್, ಟಣ್, ಟಣ್! ಗಾಳಿ ಎದ್ದಾಗಲೆಲ್ಲ ನಮ್ಮ ಮನೆಯ ಹಿಂದಿನ ಕೆರೆಯಿಂದ ಈ ಸದ್ದು ಬರುತ್ತದೆ. ದಡದಲ್ಲಿ ಕಟ್ಟಿದ ದೋಣಿಗಳ ಕಂಬಕ್ಕೆ ಹಗ್ಗ ಬಡಿಯುವ ಸದ್ದು. ಅದು ನನ್ನನ್ನೇ ಕರೆಯುತ್ತಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

"ವಿಂಡ್‌ಸರ್ಫಿಂಗ್ ಕಲೀತೀನಿ!" ಎಂದು ಘೋಷಿಸಿದೆ.

ನಮ್ಮವರದು ಗಡಿಯಾರ ರಿಪೇರಿ. ಕಣ್ಣಿಗೆ ಸಿಕ್ಕಿಸಿದ್ದ ಗಾಜು ತೆಗೆಯದೆಯೇ ಕೇಳಿದರು, "ಗಾಳಿ ಏನು ನಿನ್ನ ಸ್ಟೂಡೆಂಟಾ, ಹೇಳಿದ ಹಾಗೆ ಕೇಳೋಕೆ?"

"ನನ್ನ ಸ್ಟೂಡೆಂಟ್ಸೂ ಕೇಳಲ್ಲ. ಅಭ್ಯಾಸ ಇದೆ!"

ವಿಷಯ ನನ್ನ ಶೋಕಿಯದಷ್ಟೇ ಆಗಿರಲಿಲ್ಲ. ನಾನು ಭೌತಶಾಸ್ತ್ರ ಕಲಿಸುವ ಕಾಲೇಜಿನ ಹುಡುಗರಿಗೆ ಕೆರೆಯಲ್ಲಿ, ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ತೇಲುವ ಈ ಆಟದ ತರಬೇತಿ ಶುರುವಾಗಿತ್ತು. ಹುಡುಗಿಯರಿಗೆ ಪ್ರಿನ್ಸಿಪಾಲರು ಬೇಡವೆಂದಿದ್ದರು. ನಾನು ಜಗಳಕ್ಕೇ ನಿಂತಾಗ, "ಭಾನುವಾರ ನೀವೇ ಆಚೆ ದಡಕ್ಕೆ ಹೋಗಿ ಬನ್ನಿ ಮೇಡಂ. ಸೋಮವಾರದಿಂದ ಅವರನ್ನೂ ಕಳಿಸ್ತೀನಿ" ಎಂದರು. ಸವಾಲು ಸ್ವೀಕೃತವಾಯಿತು!

ತರಬೇತುದಾರ ದಡದಲ್ಲೇ ಪಾಠ ಹೇಳಿದ. ಹಲಗೆಯ ಮೇಲೆ ಕಂಬದ ಎರಡೂ ಬದಿಗೆ ಕಾಲಿಡಬೇಕು. ಗಾಳಿಗೆ ಬೆನ್ನು ಕೊಟ್ಟು, ನೀರಲ್ಲಿ ಮಲಗಿರುವ ಹಾಯಿಯನ್ನು ಹಗ್ಗ ಹಿಡಿದು ಎತ್ತಬೇಕು. ಅಡ್ಡಕೋಲು ಕೈಗೆ ಬಂದರೆ ಪಯಣ ಶುರು. ವಾಪಸು ಬರಲು ಹಾಯಿ ಹಿಂದಕ್ಕೆ ವಾಲಿಸಿ, ಕಂಬ ಸುತ್ತಿ ಪುಟ್ಟ ಹೆಜ್ಜೆಯಿಟ್ಟು ಹಾಯಿಯ ಆಚೆ ಬದಿಗೆ ಹೋಗಬೇಕು.

"ಇಷ್ಟೇನಾ?" ಎಂದೆ.

ಉಳಿದ ಅಭ್ಯಾಸ ನಮ್ಮ ನಡುಮನೆಯಲ್ಲಿ. ಹಾಸಿಗೆಯ ಮೇಲೆ ಇಸ್ತ್ರಿ ಹಲಗೆ, ಅದರ ಮೇಲೆ ನಾನು, ಕೈಯಲ್ಲಿ ಕೋಲಿಗೆ ಕಟ್ಟಿದ ಚಾದರ, ಬೆನ್ನಿಗೆ ಟೇಬಲ್ ಫ್ಯಾನು. ಚಾದರ ಉಬ್ಬಿದಾಗ ಎದೆಯೂ ಉಬ್ಬುತ್ತಿತ್ತು. ಗಿರಾಕಿಯೊಬ್ಬರ ಗಡಿಯಾರದ ಸೆಕೆಂಡ್ ಮುಳ್ಳು ಹಾರಿ ಸೋಫಾದಡಿ ಸೇರಿತು. ಮಹತ್ಕಾರ್ಯದಲ್ಲಿ ಸೆಕೆಂಡುಗಳಿಗೆ ಯಾರು ಬೆಲೆ ಕೊಡುತ್ತಾರೆ?

ವಾಪಸು ಬರುವಾಗ ಮಾತ್ರ ಇಸ್ತ್ರಿ ಹಲಗೆಯ ಮೇಲೆ ಹೆಜ್ಜೆಯಿಡಲು ಜಾಗವಿರಲಿಲ್ಲ. "ರೀ, ಫ್ಯಾನ್ ಈ ಕಡೆ ಇಡ್ರೀ" ಎನ್ನುತ್ತಿದ್ದೆ. ಅವರು ಎತ್ತಿಡುತ್ತಿದ್ದರು. ನಾನು ನಿಂತಲ್ಲೇ ತಿರುಗಿ ಭರ್ಜರಿಯಾಗಿ ವಾಪಸಾಗುತ್ತಿದ್ದೆ.

ಭಾನುವಾರ ದಡದಲ್ಲಿ ಪ್ರಿನ್ಸಿಪಾಲರು, ಹುಡುಗಿಯರ ದಂಡು, ಟವೆಲ್ ಹಿಡಿದ ನಮ್ಮವರು. ಹಾಯಿ ಎತ್ತಿದೆ. ಗಾಳಿ ತುಂಬಿತು. ಹಲಗೆಯಡಿ ನೀರು ಪಿಸುಗುಟ್ಟತೊಡಗಿತು, ದಡ ಚಿತ್ರದಂತೆ ಹಿಂದೆ ಸರಿಯಿತು. ಅಷ್ಟು ಹಗುರವಾಗಿ ನಾನು ಹಿಂದೆಂದೂ ಇರಲಿಲ್ಲ. "ಮೇಡಂ! ಮೇಡಂ!" ಎಂಬ ಕೂಗು ಕೆರೆಯಿಡೀ ತುಂಬಿತು.

ಆಚೆ ದಡ ಬಂತು. ಇನ್ನು ತಿರುಗಬೇಕು. ಕೈಕಾಲಿಗೆ ನಡುಮನೆಯ ಪಾಠ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಬಾಯಿ ತಾನಾಗಿಯೇ ಕೂಗಿತು:

"ರೀ! ಫ್ಯಾನ್ ಈ ಕಡೆ ಇಡ್ರೀ!"

ನೀರಿನ ಮೇಲೆ ಮಾತು ಬಹಳ ದೂರ ಕೇಳಿಸುತ್ತದೆ. ಉತ್ತರವೂ ಅಷ್ಟೇ ಸ್ಪಷ್ಟವಾಗಿ ಬಂತು:

"ವೈರ್ ಸಾಲಲ್ಲ ಕಣೇ!"

ನಾನು, ಹಾಯಿ, ಭೌತಶಾಸ್ತ್ರ, ಮೂವರೂ ಜೊಂಡಿನಲ್ಲಿ ಬಿದ್ದೆವು.

ಹಾಯಿ ಬಿಚ್ಚಿ ಅಲ್ಲೇ ಇಟ್ಟು, ಹಲಗೆಯನ್ನು ತಲೆಯ ಮೇಲೆ ಹೊತ್ತು ಕೆರೆ ಸುತ್ತಿ ನಡೆದೇ ಬಂದೆ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡರು. "ಹೋಗಿದ್ದು ನೀರ ಮೇಲೆ, ಬಂದಿದ್ದು ನೆಲದ ಮೇಲೆ. ಇದನ್ನ ಏನಂತ ಒಪ್ಪಿಕೊಳ್ಳಲಿ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ನನ್ನ ಕ್ಲಾಸಿನ ಮುಂದಿನ ಬೆಂಚಿನ ಹುಡುಗಿ ದಂಡಿನಿಂದ ಮುಂದೆ ಬಂದಳು. "ಸಾರ್, ಮೇಡಂ ಹೋಗೋದು ಕಲಿಸ್ತಾರೆ. ತಿರುಗೋದು ನಾವು ಕಲಿತು ಅವರಿಗೇ ಹೇಳಿಕೊಡ್ತೀವಿ!"

ಪ್ರಿನ್ಸಿಪಾಲರು ನಕ್ಕುಬಿಟ್ಟರು. "ಆಯ್ತು, ನಾಳೆಯಿಂದ ಬನ್ನಿ."

ಹುಡುಗಿಯರು ಗೆದ್ದರು, ಅವರ ಮೇಡಂ ಅವರಿಗೇ ಶಿಷ್ಯೆಯಾದಳು!

"ನಡಿ, ಮನೆಗೆ ಹೋಗೋಣ" ಎಂದು ನಮ್ಮವರು ಟವೆಲ್ ಚಾಚಿದರು.

"ನೀವು ಹೋಗಿ. ನಾಳೆಯೊಳಗೆ ನಾನು ತಿರುಗೋದು ಕಲೀಲೇಬೇಕು. ಗಾಳಿ ಇನ್ನೂ ಇದೆ. ಹಾಯಿ ಹಿಂದಕ್ಕೆ ವಾಲಿಸೋದು, ಕಂಬ ಸುತ್ತಿ ಪುಟ್ಟ ಹೆಜ್ಜೆ, ಆಮೇಲೆ..." ಎನ್ನುತ್ತ ಹಾಯಿ ತರಲು ಮತ್ತೆ ಆಚೆ ದಡದ ಕಡೆ ನಡೆದೆ, ಈ ಸಲವೂ ಕಾಲ್ನಡಿಗೆಯಲ್ಲೇ, ಆದರೆ ದಾರಿಯುದ್ದಕ್ಕೂ ತಿರುಗುವ ಪುಟ್ಟ ಹೆಜ್ಜೆ ಅಭ್ಯಾಸ ಮಾಡುತ್ತ.